ವಿಜ್ಜಿ ಟ್ರೋಫಿ: ಹೆಸರು ಯಾರದು, ಆಟ ಯಾರದು?

ವಿಜಯನಗರ ಅಂದರೆ ನಮಗೆ ಹಂಪಿ. ಆದರೆ ರೈಲಿನಲ್ಲಿ ವಿಜಯವಾಡ, ವಿಶಾಖಪಟ್ಟಣ ದಾಟಿದರೆ ಇನ್ನೊಂದು ವಿಜಯನಗರಂ ಸಿಗುತ್ತದೆ. ಆ ಅರಮನೆಯ ಕುಮಾರ 'ವಿಜ್ಜಿ' 1936ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ಕ್ರಿಕೆಟ್ ತಂಡದ ನಾಯಕರು. 3 ಟೆಸ್ಟಿನಲ್ಲಿ ಹೊಡೆದದ್ದು ಒಟ್ಟು 33 ರನ್! ನಾಯಕತ್ವ ತಂದುಕೊಟ್ಟದ್ದು ಬ್ಯಾಟಲ್ಲ, ಹಣ ಮತ್ತು ವಶೀಲಿ. ಚೆನ್ನಾಗಿ ಆಡುತ್ತಿದ್ದ ಲಾಲಾ ಅಮರನಾಥರನ್ನು ಪ್ರವಾಸದ ಮಧ್ಯದಲ್ಲೇ ವಾಪಸು ಕಳಿಸಿಬಿಟ್ಟರು.

ವಿಜ್ಜಿ 1965ರಲ್ಲಿ ತೀರಿಕೊಂಡರು. ಆಮೇಲೆ ವಿಶ್ವವಿದ್ಯಾಲಯಗಳ ವಲಯ ತಂಡಗಳು ಆಡುವ ಪಂದ್ಯಾವಳಿಗೆ ಅವರದೇ ಹೆಸರು ಬಂತು. 1935ರಲ್ಲಿ ಶುರುವಾದ ರೋಹಿಂಟನ್ ಬಾರಿಯಾ ಟ್ರೋಫಿ ವಿಶ್ವವಿದ್ಯಾಲಯಗಳ ಮಧ್ಯದ ಪಂದ್ಯಾವಳಿ. ಇದು ಅದರ ಮೇಲಿನ ಮೆಟ್ಟಿಲು.

ಹೆಸರು ಅಳಿಸಿ ಅಂತ ನಾನು ಹೇಳೋದಿಲ್ಲ. ಕೇಳೋದು ಇಷ್ಟೇ: ನಮ್ಮ ಕಾಲೇಜು ತಂಡ ಆರಿಸುವಾಗ ಯಾರ ಮಗ ಅಂತ ನೋಡಬೇಡಿ, ಎಷ್ಟು ರನ್ ಅಂತ ನೋಡಿ.