ಲೆಕ್ಕ ಕೊಡದವರಿಗೆ ಹಾರ ಸಾಕು

ಆನ್‌ಲೈನ್ ಪಾಠ ಮಾರುತ್ತಿದ್ದ ಬೈಜೂಸ್ ಮುಳುಗಿದ್ದು ಅಪರಾಧವಲ್ಲ. ಹೊಸ ಕಂಪನಿ ಕಟ್ಟಿದವರೆಲ್ಲ ಗೆಲ್ಲಲೇಬೇಕೆಂದು ಯಾರೂ ಬರೆದುಕೊಟ್ಟಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ಸ್ಟಾರ್ಟಪ್‌ಗಳು ಸದ್ದಿಲ್ಲದೆ ಬಾಗಿಲು ಮುಚ್ಚುತ್ತಲೇ ಇರುತ್ತವೆ. ಕಟ್ಟಿದವರು ಸಂಬಳ ಚುಕ್ತಾ ಮಾಡಿ, ಬಾಡಿಗೆ ಬಾಕಿ ತೀರಿಸಿ, ಇನ್ನೊಂದು ಕೆಲಸ ಹಿಡಿಯುತ್ತಾರೆ. ಅಂಥ ಸೋಲಿಗೆ ಮರ್ಯಾದೆ ಇದೆ. ನಮ್ಮ ತಕರಾರು ಬೇರೆ. ಪೋಷಕರ ದುಡ್ಡು, ನೌಕರರ ದುಡಿಮೆ, ಹೊರಗಿನವರ ಸಾಲ ಇವೆಲ್ಲವನ್ನೂ ತೆಗೆದುಕೊಂಡ ಕಂಪನಿಯೊಂದು ಕೊಡಬೇಕಾದ ಹೊತ್ತಿಗೆ ಲೆಕ್ಕ ಕೊಡಲಿಲ್ಲ. ಅದನ್ನು ಕೇಳಬೇಕಾದವರು ಕೇಳಲಿಲ್ಲ. ಆ ಅವಧಿಯುದ್ದಕ್ಕೂ ದೇಶ ಅದಕ್ಕೆ ಹಾರ ಹಾಕುತ್ತಲೇ ಇತ್ತು.

ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. 2021ರ ಮಾರ್ಚ್ 31ಕ್ಕೆ ಮುಗಿದ ಹಣಕಾಸು ವರ್ಷದ ಲೆಕ್ಕಪತ್ರವನ್ನು, ಕೋವಿಡ್ ಕಾಲದ ವಿನಾಯಿತಿ ಸೇರಿಸಿಕೊಂಡರೂ, 2022ರ ಮಾರ್ಚ್‌ನೊಳಗೆ ಸಲ್ಲಿಸಬೇಕಿತ್ತು. ಹೊರಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಈ ನಡುವೆ ನಡೆದದ್ದೇನು? 2021ರ ಏಪ್ರಿಲ್‌ನಲ್ಲಿ ಆಕಾಶ್ ಕೋಚಿಂಗ್ ಸಂಸ್ಥೆಯನ್ನು ಸುಮಾರು 100 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದವಾಯಿತು. ಜುಲೈನಲ್ಲಿ ಅಮೆರಿಕದ ಎಪಿಕ್ ಕಂಪನಿಯನ್ನು ಕೊಳ್ಳಲು 50 ಕೋಟಿ ಡಾಲರ್, ಗ್ರೇಟ್ ಲರ್ನಿಂಗ್ ಕೊಳ್ಳಲು 60 ಕೋಟಿ ಡಾಲರ್. ನವೆಂಬರಿನಲ್ಲಿ ವಿದೇಶಿ ಸಾಲದಾತರಿಂದ 120 ಕೋಟಿ ಡಾಲರ್ ಸಾಲ. 2022ರ ಮಾರ್ಚ್‌ನಲ್ಲಿ ಕತಾರ್ ಫುಟ್‌ಬಾಲ್ ವಿಶ್ವಕಪ್‌ನ ಪ್ರಾಯೋಜಕತ್ವ. ಅದೇ ತಿಂಗಳು ಕಂಪನಿಗೆ 2,200 ಕೋಟಿ ಡಾಲರ್ ಬೆಲೆ ಕಟ್ಟಲಾಯಿತು. ಇಷ್ಟೂ ನಡೆದದ್ದು ಹಿಂದಿನ ವರ್ಷದ ಲಾಭ-ನಷ್ಟದ ಪಟ್ಟಿಯನ್ನು ಹೊರಗಿನವರು ಯಾರೂ ಕಣ್ಣಾರೆ ಕಾಣುವ ಮುನ್ನ. ಆಮೇಲೆ ಪಟ್ಟಿ ಬಂತು: ವರಮಾನ ಸುಮಾರು 2,428 ಕೋಟಿ ರೂಪಾಯಿ, ನಷ್ಟ 4,588 ಕೋಟಿ ರೂಪಾಯಿ. ದಿನಕ್ಕೆ ಹನ್ನೆರಡೂವರೆ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದ ಕಂಪನಿ ದೇಶದ ಅತ್ಯಂತ ಬೆಲೆಯುಳ್ಳ ಸ್ಟಾರ್ಟಪ್ ಎಂದು ಕರೆಸಿಕೊಂಡಿತ್ತು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಕಂಪನಿ ಕಟ್ಟಿದ ಬೈಜು ರವೀಂದ್ರನ್ ಬರಿಗೈಯಲ್ಲಿ ಗಾಳಿ ಮಾರಿದವರಲ್ಲ. ಕೇರಳದ ಕಣ್ಣೂರು ಬಳಿಯ ಅಳಿಕ್ಕೋಡಿನಿಂದ ಬಂದು, ಎಂಬಿಎ ಪ್ರವೇಶದ ಕ್ಯಾಟ್ ಪರೀಕ್ಷೆಗೆ ಕ್ರೀಡಾಂಗಣ ತುಂಬುವಷ್ಟು ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು ಅವರು. ಪತ್ನಿ ದಿವ್ಯಾ ಗೋಕುಲನಾಥ್ ಜೊತೆ 2011ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಥಿಂಕ್ ಆ್ಯಂಡ್ ಲರ್ನ್ ಕಂಪನಿ 2015ರಲ್ಲಿ ತಂದ ಬೈಜೂಸ್ ಆ್ಯಪ್‌ನಲ್ಲಿ ಒಳ್ಳೆಯ ಪಾಠಗಳಿದ್ದವು. ಬೀಜಗಣಿತವನ್ನು ಚಿತ್ರದಲ್ಲಿ ತೋರಿಸಿ ತಿಳಿಸುವ ಆ ವಿಡಿಯೊಗಳಿಂದ ಕಲಿತ ಮಕ್ಕಳು ನಮ್ಮ ನಡುವೆ ಇದ್ದಾರೆ. ಆ ಪಾಠ ಹಾದಿ ತಪ್ಪಿದ್ದು ಅದನ್ನು ಮಾರುವ ಬಗೆಯಲ್ಲಿ.

ಮಾರಾಟ ಹೇಗೆ ನಡೆಯುತ್ತಿತ್ತೆಂಬುದು ಈ ಊರಿನ ಮಧ್ಯಮ ವರ್ಗದ ಮನೆಗಳಿಗೆ ಹೊಸ ಸುದ್ದಿಯಲ್ಲ. ಉಚಿತ ಪಾಠದ ಹೆಸರಿನಲ್ಲಿ ಮೊದಲು ಫೋನು ಬರುತ್ತಿತ್ತು, ಆಮೇಲೆ ಮನೆಗೆ ಒಬ್ಬರು ಬರುತ್ತಿದ್ದರು. ತಿಂಗಳ ಟಾರ್ಗೆಟ್ ಹೊತ್ತು ಬಂದ ಆ ಹುಡುಗ ಮಗುವಿಗೆ ನಾಲ್ಕು ಪ್ರಶ್ನೆ ಕೇಳಿ, ತಂದೆತಾಯಿಯ ಎದುರೇ ಮಗು ತಡವರಿಸುವಂತೆ ಮಾಡಿ, ವರ್ಷಗಟ್ಟಲೆಯ ಪ್ಯಾಕೇಜು ಮುಂದಿಡುತ್ತಿದ್ದ. ದುಡ್ಡಿಲ್ಲವೆಂದರೆ ಇಎಂಐ. ಅದು ಕಂತಿನ ಶುಲ್ಕವಲ್ಲ, ಹಣಕಾಸು ಕಂಪನಿಯೊಂದು ಪೋಷಕರ ಹೆಸರಿನಲ್ಲಿ ಕೊಟ್ಟ ಸಾಲ ಎಂಬುದು ಎಷ್ಟೋ ಜನರಿಗೆ ಗೊತ್ತಾದದ್ದು ಕ್ಲಾಸು ಬೇಡವೆಂದ ಮೇಲೂ ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗುತ್ತಲೇ ಇದ್ದಾಗ. ಇಂಥ ಮಾರಾಟದ ಆರೋಪದ ಮೇಲೆ 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕಂಪನಿಯ ಮುಖ್ಯಸ್ಥರಿಗೆ ಸಮನ್ಸ್ ಕೊಟ್ಟಿತು. ಕಂಪನಿ ಆರೋಪ ನಿರಾಕರಿಸಿತು. ಆದರೆ ಅದೇ ಸುಮಾರಿಗೆ ಮಾರಾಟದ ನಿಯಮ ಬದಲಿಸಿ, ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಆದಾಯದ ಕುಟುಂಬಗಳಿಗೆ ಇನ್ನು ಮಾರುವುದಿಲ್ಲ ಎಂದಿತು. ಅದುವರೆಗೆ ಯಾರಿಗೆ ಮಾರಲಾಗುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಮಾರಾಟವೇ ಲೆಕ್ಕದ ಪುಸ್ತಕವನ್ನೂ ಕೆಡಿಸಿತು. ಮೂರು ವರ್ಷದ ಕೋರ್ಸಿಗೆ ಇಂದು ಸಹಿ ಬಿದ್ದರೆ ಪೂರ್ತಿ ಹಣ ಈ ವರ್ಷದ ವರಮಾನವಾಗುವುದಿಲ್ಲ. ಪಾಠ ನಡೆದಷ್ಟು, ಅದೂ ಹಣ ಬರುವ ಭರವಸೆ ಇದ್ದಷ್ಟು ಮಾತ್ರ ಬರೆಯಬೇಕು. ವಾಣಿಜ್ಯ ಓದುವ ಪಿಯುಸಿ ಹುಡುಗರಿಗೂ ಗೊತ್ತಿರುವ ಸಂಗತಿಯಿದು. ಲೆಕ್ಕಪರಿಶೋಧಕರು ಈ ಕ್ರಮವನ್ನೇ ಬಿಗಿಯಾಗಿ ಹಿಡಿದಾಗ, 2020-21ರಲ್ಲಿ ತೋರಿಸಬೇಕೆಂದಿದ್ದ ವರಮಾನದಲ್ಲಿ ಸುಮಾರು ಶೇ 40ರಷ್ಟನ್ನು ಮುಂದಿನ ವರ್ಷಗಳಿಗೆ ಸರಿಸಬೇಕಾಯಿತೆಂದು ಕಂಪನಿಯೇ ಹೇಳಿಕೊಂಡಿತು. ಹೂಡಿಕೆದಾರರು ಬೆಲೆ ಕಟ್ಟಿದ ಬೆಳವಣಿಗೆಯ ದೊಡ್ಡ ಪಾಲು ಇನ್ನೂ ನಡೆಯದ ಪಾಠದ್ದು, ಬರಬಹುದೋ ಬಾರದೋ ತಿಳಿಯದ ಕಂತಿನದು.

ರವೀಂದ್ರನ್ ಅವರ ಸಮಜಾಯಿಷಿ ನಮಗೆ ಗೊತ್ತಿದೆ. ಓಡು ಓಡು ಎಂದು ಹುರಿದುಂಬಿಸಿದ ಹೂಡಿಕೆದಾರರು ಕಷ್ಟ ಬಂದಾಗ ಕೈಬಿಟ್ಟರು ಎಂದು 2024ರ ಅಕ್ಟೋಬರಿನಲ್ಲಿ ಅವರು ಹೇಳಿದರು. ಕಂಪನಿಯ ಬೆಲೆ ಈಗ ಸೊನ್ನೆ ಎಂದೂ ಅದೇ ಸಂದರ್ಭದಲ್ಲಿ ಒಪ್ಪಿಕೊಂಡರು. ಮಾತಿನಲ್ಲಿ ಸತ್ಯವಿದೆ. ಕೊರೊನಾ ವರ್ಷಗಳಲ್ಲಿ ಅಮೆರಿಕದಲ್ಲಿ ಬಡ್ಡಿ ಸೊನ್ನೆಯ ಹತ್ತಿರ ಇತ್ತು, ಶಾಲೆಗಳಿಗೆ ಬೀಗ ಬಿದ್ದಿತ್ತು, ದುಡ್ಡು ಜಾಗ ಹುಡುಕಿಕೊಂಡು ಅಲೆಯುತ್ತಿತ್ತು. 2022ರಲ್ಲಿ ಶಾಲೆಗಳು ತೆರೆದವು, ಬಡ್ಡಿ ಏರತೊಡಗಿತು, ದುಡ್ಡು ಬಂದ ದಾರಿಯಲ್ಲೇ ಹೋಯಿತು. ಆದರೆ ಉತ್ತರ ಕೊಡಬೇಕಾದ ಕುರ್ಚಿಯಲ್ಲಿ ಕೂತವರು ಗಾಳಿಯ ದಿಕ್ಕನ್ನು ನೆಪ ಮಾಡಲಾಗದು. 2022ರ ಅಕ್ಟೋಬರಿನಲ್ಲಿ 2,500 ನೌಕರರನ್ನು ತೆಗೆಯುವುದಾಗಿ ಘೋಷಿಸಿದ ಕಂಪನಿ ನವೆಂಬರಿನ ಮೊದಲ ವಾರ ಲಯೊನೆಲ್ ಮೆಸ್ಸಿಯನ್ನು ರಾಯಭಾರಿ ಮಾಡಿಕೊಂಡಿತು. ಆ ರುಜು ಹಾಕಿಸಿದ್ದು ಯಾವ ಹೂಡಿಕೆದಾರನ ಒತ್ತಡ? 30 ಕೋಟಿ ಡಾಲರ್ ಕೊಟ್ಟು ವೈಟ್‌ಹ್ಯಾಟ್ ಜೂನಿಯರ್ ಕೊಂಡ ಮೇಲೆ, ಆರು ವರ್ಷದ ಮಕ್ಕಳು ಕೋಡಿಂಗ್ ಕಲಿತು ಕೋಟಿ ಗಳಿಸುತ್ತಾರೆ ಎಂಬಂಥ ಜಾಹೀರಾತುಗಳಲ್ಲಿ ಕೆಲವನ್ನು ಜಾಹೀರಾತು ಮಾನದಂಡ ಮಂಡಳಿಯ ಮಾತಿನಂತೆ ಹಿಂತೆಗೆಯಬೇಕಾಯಿತು. ಅವುಗಳಲ್ಲಿ ಬರುತ್ತಿದ್ದ ವುಲ್ಫ್ ಗುಪ್ತಾ ಎಂಬ ಹುಡುಗ ನಿಜವಾಗಿ ಇರಲೇ ಇಲ್ಲ.

ಹೂಡಿಕೆದಾರರೂ ಪಾರಾಗುವಂತಿಲ್ಲ. ಸಿಕ್ವೊಯಾದ ಭಾರತೀಯ ಶಾಖೆಯಾಗಿದ್ದ ಪೀಕ್ ಫಿಫ್ಟೀನ್, ದಕ್ಷಿಣ ಆಫ್ರಿಕ ಮೂಲದ ಪ್ರೋಸಸ್, ಮಾರ್ಕ್ ಜುಕರ್‌ಬರ್ಗ್ ದಂಪತಿಯ ಚಾನ್ ಜುಕರ್‌ಬರ್ಗ್ ಸಂಸ್ಥೆ, ಈ ಮೂವರ ಪ್ರತಿನಿಧಿಗಳು ನಿರ್ದೇಶಕ ಮಂಡಳಿಯಲ್ಲಿ ಕುಳಿತಿದ್ದರು. 2023ರ ಜೂನ್‌ನಲ್ಲಿ ಮೂವರೂ ರಾಜೀನಾಮೆ ಕೊಟ್ಟರು. ಅದೇ ದಿನಗಳಲ್ಲಿ ಲೆಕ್ಕಪರಿಶೋಧಕ ಸಂಸ್ಥೆ ಡೆಲಾಯ್ಟ್ ಕೂಡ, ಮುಂದಿನ ವರ್ಷದ ಲೆಕ್ಕವೂ ಬರಲಿಲ್ಲವೆಂದು ಪತ್ರ ಬರೆದು ಹೊರನಡೆಯಿತು. ಆಮೇಲೆ ಮಂಡಳಿಯಲ್ಲಿ ಉಳಿದವರು ರವೀಂದ್ರನ್, ಪತ್ನಿ ಮತ್ತು ಸೋದರ. ತನ್ನ ಸಲಹೆಗೆ ಕಿವಿಗೊಡಲಿಲ್ಲ, ಕಂಪನಿಯ ಗಾತ್ರಕ್ಕೆ ತಕ್ಕ ಆಡಳಿತ ಬೆಳೆಯಲಿಲ್ಲ ಎಂದು ಪ್ರೋಸಸ್ ಆಮೇಲೆ ಹೇಳಿಕೆ ಕೊಟ್ಟಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರು ಇವರು. ಬೆಲೆ ಏರುತ್ತಿದ್ದಾಗ ಒಂದು ವರ್ಷದ ಲೆಕ್ಕ ತಡವಾದದ್ದು ಇವರಲ್ಲಿ ಯಾರಿಗೂ ರಾಜೀನಾಮೆಗೆ ಸಾಕಾದ ಕಾರಣ ಅನ್ನಿಸಲಿಲ್ಲ. ಹಿಂದಿನ ವರ್ಷಗಳ ಲೆಕ್ಕಕ್ಕೆ ಸಹಿ ಹಾಕಿದ್ದೂ ಅದೇ ಡೆಲಾಯ್ಟ್. ಆ ವರ್ಷಗಳ ಬಗ್ಗೆ ಅದು ಒಂದು ಮಾತನ್ನಾದರೂ ಆಡಬೇಕಿತ್ತು.

120 ಕೋಟಿ ಡಾಲರ್ ಸಾಲದಲ್ಲಿ 53.3 ಕೋಟಿ ಡಾಲರ್ ಎಲ್ಲಿ ಹೋಯಿತು ಎಂಬ ವ್ಯಾಜ್ಯ ಅಮೆರಿಕದ ಡೆಲವೇರ್ ನ್ಯಾಯಾಲಯದ ಮೆಟ್ಟಿಲೇರಿದೆ. ರವೀಂದ್ರನ್ ತಮ್ಮ ಮೇಲಿನ ಆರೋಪಗಳನ್ನು ಅಲ್ಲಗಳೆದಿದ್ದಾರೆ. ಅದು ಕೋರ್ಟಿನ ಕೆಲಸ, ಅಲ್ಲೇ ತೀರಲಿ. ಇಲ್ಲಿ ನಾವು ಹೇಳುತ್ತಿರುವುದಕ್ಕೆ ಯಾವ ಸಾಕ್ಷಿಯ ವಿಚಾರಣೆಯೂ ಬೇಕಿಲ್ಲ, ಎಲ್ಲವೂ ಕಂಪನಿಯ ಕಾಗದಗಳಲ್ಲೇ ಇದೆ.

ಕೊನೆಗೆ ಬೈಜೂಸನ್ನು ದಿವಾಳಿ ಪ್ರಕ್ರಿಯೆಗೆ ಎಳೆದದ್ದು ಯಾರು? ಭಾರತೀಯ ಕ್ರಿಕೆಟ್ ಮಂಡಳಿ. ತಂಡದ ಜೆರ್ಸಿಯ ಮೇಲೆ ಹೆಸರು ಬರೆಸಿಕೊಂಡದ್ದಕ್ಕೆ ಬಾಕಿ ಉಳಿದ 158.9 ಕೋಟಿ ರೂಪಾಯಿಗಾಗಿ. 2024ರ ಜುಲೈ 16ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಅರ್ಜಿ ಸ್ವೀಕರಿಸಿತು. ರವೀಂದ್ರನ್ ಸೋದರನ ದುಡ್ಡಿನಿಂದ ಕ್ರಿಕೆಟ್ ಮಂಡಳಿಯ ಬಾಕಿ ತೀರಿಸಿ ರಾಜಿ ಮಾಡಿಕೊಂಡದ್ದನ್ನು ಮೇಲ್ಮನವಿ ನ್ಯಾಯಮಂಡಳಿ ಒಪ್ಪಿತು, ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಒಬ್ಬ ಸಾಲದಾತನಿಗೆ ಕೊಟ್ಟು ಉಳಿದವರನ್ನು ಹೊರಗಿಟ್ಟು ಹಿಂಬಾಗಿಲಿಂದ ಹೊರಡಲಾಗದು ಎಂಬ ಆ ತೀರ್ಪಿನ ಸಾರ ಸರಿಯಾಗಿಯೇ ಇದೆ.

ಬೇರೆ ದಾರಿಯೇ ಇರಲಿಲ್ಲವೇ? ಇದೇ ಊರಿನ ಜೆ.ಪಿ. ನಗರದಲ್ಲಿ ಇತ್ತು. ನಿತಿನ್ ಕಾಮತ್ 2010ರ ಆಗಸ್ಟ್ 15ರಂದು ಶುರು ಮಾಡಿದ ಷೇರು ದಲ್ಲಾಳಿ ಕಂಪನಿ ಜೆರೋಧಾ ಹೊರಗಿನ ಹೂಡಿಕೆದಾರರಿಂದ ಒಂದು ರೂಪಾಯಿ ಪಡೆಯಲಿಲ್ಲ, ಟಿವಿಯಲ್ಲಿ ನಟರನ್ನು ಕುಣಿಸಲಿಲ್ಲ. ಸಾವಿರದ ಚಿಲ್ಲರೆ ನೌಕರರೊಂದಿಗೆ 2023-24ರಲ್ಲಿ ಸುಮಾರು 4,700 ಕೋಟಿ ರೂಪಾಯಿ ಲಾಭ ಮಾಡಿತು. ಬೈಜೂಸ್ 2020-21ರಲ್ಲಿ ಕಳೆದದ್ದಕ್ಕಿಂತ ತುಸು ಹೆಚ್ಚು. ಈ ಹೋಲಿಕೆ ಪೂರ್ತಿ ನ್ಯಾಯವಲ್ಲ, ಷೇರು ದಲ್ಲಾಳಿತನಕ್ಕೂ ಪಾಠಕ್ಕೂ ಅಂತರವಿದೆ. ಆ ಲಾಭದ ಮೇಲೂ ಒಂದು ಕಣ್ಣಿಡಬೇಕು: ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದಲ್ಲಿ ಶೇ 93ರಷ್ಟು ಬಿಡಿ ಹೂಡಿಕೆದಾರರು ನಷ್ಟ ಮಾಡಿಕೊಂಡರೆಂದು ಸೆಬಿ 2024ರಲ್ಲಿ ಹೇಳಿತು. ದಲ್ಲಾಳಿ ಕಂಪನಿಗಳಿಗೆ ಆ ವ್ಯವಹಾರದಿಂದಲೇ ಚೆನ್ನಾಗಿ ಆದಾಯ ಬಂತು. ಹಾಗಿದ್ದರೂ ಗಿರಾಕಿಯ ಹಣದಲ್ಲೇ ಬೆಳೆಯುವ ಕಂಪನಿಗೆ ಒಂದು ಶಿಸ್ತು ತಾನಾಗಿ ಬರುತ್ತದೆ, ತಿಂಗಳ ಕೊನೆಗೆ ಗಲ್ಲಾಪೆಟ್ಟಿಗೆಯೇ ಸತ್ಯ ಹೇಳುತ್ತದೆ. 1981ರಲ್ಲಿ 10,000 ರೂಪಾಯಿಯಿಂದ ಹೊರಟ ಇನ್ಫೊಸಿಸ್, ಕಾನೂನು ಕೇಳುವ ಮೊದಲೇ ಅಮೆರಿಕದ ಪದ್ಧತಿಯಲ್ಲೂ ಲೆಕ್ಕ ಪ್ರಕಟಿಸತೊಡಗಿ 1999ರಲ್ಲಿ ನ್ಯಾಸ್‌ಡ್ಯಾಕ್ ಮುಟ್ಟಿತು. ಬೆಂಗಳೂರಿಗೆ ಹೆಸರು ಬಂದದ್ದು ಆ ಶಿಸ್ತಿನಿಂದ.

ಈಗ ಕಾನೂನಿನ ಮಾತು. ವರ್ಷದ ಮಹಾಸಭೆ ನಡೆದ 30 ದಿನದೊಳಗೆ ಲೆಕ್ಕಪತ್ರ ಸಲ್ಲಿಸದ ಕಂಪನಿಗೆ ಕಂಪನಿ ಕಾಯ್ದೆಯ 137ನೇ ಕಲಮಿನಲ್ಲಿ ದಂಡವಿದೆ. 10,000 ರೂಪಾಯಿ, ಆಮೇಲೆ ದಿನಕ್ಕೆ 100 ರೂಪಾಯಿ. ಎಷ್ಟೇ ತಡವಾದರೂ ಒಟ್ಟು 2 ಲಕ್ಷ ಮೀರುವಂತಿಲ್ಲ. 2020ರ ತಿದ್ದುಪಡಿ, ಉದ್ಯಮ ಸುಗಮವಾಗಲೆಂದು, ಇದನ್ನು ಇಷ್ಟಕ್ಕೆ ಇಳಿಸಿತು. ಬೀದಿ ಬದಿಯ ಪುಟ್ಟ ಕಂಪನಿಗೂ ಸಾವಿರಾರು ಕೋಟಿ ಸಾಲ ಎತ್ತಿದ ಕಂಪನಿಗೂ ದಂಡದ ಮಿತಿ ಹೆಚ್ಚುಕಡಿಮೆ ಒಂದೇ ಮಟ್ಟದ್ದು. ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯ ಈ ಮಿತಿಯನ್ನು ವಹಿವಾಟಿನ ಗಾತ್ರಕ್ಕೆ ತಕ್ಕಂತೆ ಬದಲಿಸಬೇಕು. ಅದಕ್ಕಿಂತ ಮುಖ್ಯವಾಗಿ, ನಿಗದಿತ ಗಾತ್ರ ಮೀರಿದ ಖಾಸಗಿ ಕಂಪನಿ ಹಿಂದಿನ ವರ್ಷದ ಲೆಕ್ಕ ಸಲ್ಲಿಸುವವರೆಗೆ ಹೊಸ ಸಾಲ ಎತ್ತುವಂತಿರಬಾರದು, ಇನ್ನೊಂದು ಕಂಪನಿಯನ್ನು ಕೊಳ್ಳುವಂತಿರಬಾರದು. ಈ ಒಂದು ತಡೆ 2021ರಲ್ಲಿ ಇದ್ದಿದ್ದರೆ ಮೇಲೆ ಬರೆದ ತಾರೀಖುಗಳಲ್ಲಿ ಎಷ್ಟೋ ಹುಟ್ಟುತ್ತಲೇ ಇರಲಿಲ್ಲ.

ರಾಜ್ಯ ಸರ್ಕಾರವೂ ಸುಮ್ಮನಿರಬಾರದು. ಎಲಿವೇಟ್ ಯೋಜನೆಯಲ್ಲಿ ಹೊಸ ಕಂಪನಿಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವು ಕೊಡುವ ಕರ್ನಾಟಕ, ಹುಬ್ಬಳ್ಳಿ, ಮಂಗಳೂರು, ಮೈಸೂರಿನ ಯುವಕ ಯುವತಿಯರಿಗೆ ಬೇಕಾದ ಒಳ್ಳೆಯ ಕೆಲಸವನ್ನೇ ಮಾಡುತ್ತಿದೆ. ಆದರೆ ಪ್ರತಿ ವರ್ಷದ ತಂತ್ರಜ್ಞಾನ ಶೃಂಗಸಭೆಯ ವೇದಿಕೆಯಲ್ಲಿ ಸಚಿವರು ಯೂನಿಕಾರ್ನ್‌ಗಳ ಸಂಖ್ಯೆ ಎಣಿಸಿ ಹೇಳುವುದು ನಿಲ್ಲಲಿ. ಯೂನಿಕಾರ್ನ್ ಎಂದರೆ ಯಾರೋ ಯಾವುದೋ ಕೋಣೆಯಲ್ಲಿ ಕುಳಿತು ಕಟ್ಟಿದ ಬೆಲೆ. ಅದಕ್ಕೆ ಸರ್ಕಾರದ ಮುದ್ರೆ ಬೇಕಿಲ್ಲ. ವೇದಿಕೆ ಹತ್ತಿಸುವ ಮೊದಲು ಎರಡು ಕಾಗದ ಕೇಳಲಿ: ಸಕಾಲದಲ್ಲಿ ಸಲ್ಲಿಸಿದ ಲೆಕ್ಕಪತ್ರ, ನೌಕರರ ಭವಿಷ್ಯನಿಧಿ ಕಟ್ಟಿದ ರಸೀದಿ.

ಉಳಿದದ್ದು ಪೋಷಕರ ಪ್ರಶ್ನೆ. ದಿವಾಳಿ ಸಂಹಿತೆಯ ಪ್ರಕಾರ ಬಂದ ಹಣ ಮೊದಲು ಪ್ರಕ್ರಿಯೆಯ ಖರ್ಚಿಗೆ, ಆಮೇಲೆ ಆಧಾರವುಳ್ಳ ಸಾಲಕ್ಕೂ ಕಾರ್ಮಿಕರ ಬಾಕಿಗೂ, ನಂತರ ಇತರ ನೌಕರರ ವೇತನಕ್ಕೆ, ಅದರ ನಂತರ ಆಧಾರವಿಲ್ಲದ ಸಾಲಕ್ಕೆ ಹೋಗುತ್ತದೆ. ಮರುಪಾವತಿಗೆ ಕಾದ ತಂದೆತಾಯಿ ಅದಕ್ಕೂ ಹಿಂದೆ, ಸಾಲದಾತರ ಸಮಿತಿಯಲ್ಲಿ ಅವರಿಗೆ ಮತವೂ ಇಲ್ಲ. ಇದೇ ಸಂಹಿತೆಯಲ್ಲಿ ಅಪಾರ್ಟ್‌ಮೆಂಟಿಗೆ ಮುಂಗಡ ಕೊಟ್ಟು ಕೈಸುಟ್ಟುಕೊಂಡವರೂ ಒಮ್ಮೆ ಹೀಗೆಯೇ ಹೊರಗಿದ್ದರು. 2018ರ ತಿದ್ದುಪಡಿ ಅವರನ್ನು ಹಣಕಾಸು ಸಾಲದಾತರೆಂದು ಗುರುತಿಸಿ ಸಮಿತಿಯೊಳಗೆ ಕೂರಿಸಿತು. ವರ್ಷಗಟ್ಟಲೆಯ ಶುಲ್ಕವನ್ನು ಮುಂಗಡವಾಗಿ, ಅದೂ ಸಾಲ ಮಾಡಿ ಕಟ್ಟಿದ ಪೋಷಕರಿಗೂ ಸಂಸತ್ತು ಅದೇ ಸ್ಥಾನ ಕೊಡಲಿ. ಅದರ ಜೊತೆಗೆ, ಕೋರ್ಸು ರದ್ದಾದ ದಿನವೇ ಅದರ ಹೆಸರಿನ ಇಎಂಐ ನಿಲ್ಲಬೇಕು, ಬಾಕಿಯನ್ನು ಸಾಲ ಕೊಟ್ಟ ಕಂಪನಿಯು ಮಾರಿದ ಕಂಪನಿಯಿಂದಲೇ ವಸೂಲಿ ಮಾಡಿಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಲಿ. ಈ ಆದೇಶಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು.