ಸರದಿ ಯಾರದು?

ಆಪತ್ತು ಹೇಳಿ ಬರುವುದಿಲ್ಲ. ನಡುರಾತ್ರಿಯಲ್ಲಿ ಮನೆಯ ಹಿರಿಯರಿಗೆ ಎದೆನೋವು ಕಾಣಿಸಬಹುದು. ಮಗು ಮೆಟ್ಟಿಲಿನಿಂದ ಉರುಳಿ ಹಣೆ ಒಡೆದುಕೊಳ್ಳಬಹುದು. ಆಗ ಮನೆಮಂದಿಯೆಲ್ಲ ಧಾವಿಸುವುದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ. ಅಲ್ಲಿ ಮೊದಲು ಎದುರಾಗುವವಳು ದಾದಿ. ಬಂದವರ ಭೀತಿ, ದುಃಖ, ಕೋಪಗಳೆಲ್ಲ ಮೊದಲು ಎರಗುವುದೂ ಅವಳ ಮೇಲೆಯೇ. ಹಾಸಿಗೆ ಖಾಲಿ ಇಲ್ಲದಿರುವುದಕ್ಕೆ ಅವಳು ಕಾರಣಳಲ್ಲ. ವೈದ್ಯರ ಸಂಖ್ಯೆಯನ್ನೂ ಚಿಕಿತ್ಸೆಯ ವೆಚ್ಚವನ್ನೂ ನಿರ್ಧರಿಸುವವಳು ಅವಳಲ್ಲ. ಆದರೂ ಬೈಗುಳ, ಬೆದರಿಕೆ, ಕೆಲವೊಮ್ಮೆ ಏಟು ಅವಳ ಪಾಲಿಗೆ ಬರುತ್ತವೆ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕದಲ್ಲಿ 2009ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಅಧಿನಿಯಮವೊಂದು ಬಂದಿತು. ವೈದ್ಯರಷ್ಟೇ ಅಲ್ಲ, ದಾದಿಯರೂ ಅದರ ರಕ್ಷಣೆಗೆ ಒಳಪಟ್ಟವರು. ಅವರ ಮೇಲಿನ ಹಲ್ಲೆ ಜಾಮೀನುರಹಿತ ಅಪರಾಧ. ನೆರೆಯ ಕೇರಳದಲ್ಲಿಯೂ 2012ರಿಂದ ಇಂತಹ ಕಾನೂನಿದ್ದಿತು. ಆದರೂ 2023ರ ಮೇ 10ರಂದು ಕೊಟ್ಟಾರಕ್ಕರದ ತಾಲ್ಲೂಕು ಆಸ್ಪತ್ರೆಯಲ್ಲಿ, ಗಾಯಕ್ಕೆ ಔಷಧ ಹಾಕಿಸಲೆಂದು ಪೊಲೀಸರೇ ಕರೆತಂದ ವ್ಯಕ್ತಿಯೊಬ್ಬ ಅಲ್ಲಿನ ಕತ್ತರಿಯಿಂದಲೇ ಇರಿದು ಯುವ ವೈದ್ಯೆ ವಂದನಾ ದಾಸ್ ಅವರನ್ನು ಕೊಂದನು. ಬಳಿಕ ಆ ರಾಜ್ಯವು ತೀವ್ರ ಗಾಯಕ್ಕೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸುವಂತೆ ಕಾನೂನನ್ನು ಬಿಗಿಗೊಳಿಸಿತು. ಶಿಕ್ಷೆ ಅವಶ್ಯವೇ, ಆದರೆ ಅದು ಬರುವುದು ಏಟು ಬಿದ್ದ ಮೇಲೆ. ಏಟು ಬೀಳುವ ಮೊದಲು ಮಾಡಬಹುದಾದುದು ಏನು?

ದಿನನಿತ್ಯದ ಜಗಳಗಳ ಮೂಲವನ್ನು ಹುಡುಕಿದರೆ ಬಹಳ ಸಲ ದೊರೆಯುವುದು ಒಂದೇ ಮಾತು: “ನಾವು ಮೊದಲು ಬಂದೆವು, ಅವರನ್ನೇಕೆ ಮೊದಲು ನೋಡಿದಿರಿ?” ಪಡಿತರದ ಅಂಗಡಿಯಲ್ಲಿ ಈ ಪ್ರಶ್ನೆ ನ್ಯಾಯವಾದುದು. ತುರ್ತು ವಿಭಾಗದಲ್ಲಿ ಸರದಿ ನಿಲ್ಲುವುದು ಬಂದ ಹೊತ್ತಿನ ಮೇಲಲ್ಲ, ಪ್ರಾಣಾಪಾಯದ ಮೇಲೆ. ಈ ಪದ್ಧತಿಗೆ ಟ್ರಯಾಜ್ ಎಂದು ಹೆಸರು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರೆ ಎಂಬಾತ ಗಾಯಾಳುಗಳ ದರ್ಜೆಯನ್ನು ಎಣಿಸದೆ, ಗಾಯದ ತೀವ್ರತೆಯನ್ನೇ ನೋಡಿ ಚಿಕಿತ್ಸೆ ನೀಡುವ ಕ್ರಮವನ್ನು ಬಳಕೆಗೆ ತಂದನು. ಇಂದು ಅನೇಕ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತಾರೆ. ಗಾಯದ ಉರಿಗೆ ಚೀರುವ ಮಗು ಕಾಯಬಹುದು. ಸದ್ದಿಲ್ಲದೆ ಬೆವರುತ್ತ ಕುಳಿತ ಹೃದ್ರೋಗಿ ಕಾಯಲಾರ. ಇದನ್ನು ಬಲ್ಲವನಿಗೆ ಕಾಯುವಿಕೆ ಅವಮಾನವೆನಿಸದು. ಬಲ್ಲದವನಿಗೆ ಅದು ತಾತ್ಸಾರವಾಗಿ ತೋರುತ್ತದೆ. ತಾತ್ಸಾರವೆಂಬ ಭಾವನೆಯೇ ಕೈಯನ್ನು ಎತ್ತಿಸುತ್ತದೆ.

ಆದುದರಿಂದ ಆಸ್ಪತ್ರೆಯ ಮೊದಲ ಕರ್ತವ್ಯ ತಿಳಿಯ ಹೇಳುವುದು. ಈ ಕ್ರಮವನ್ನು ಕನ್ನಡದಲ್ಲಿ ವಿವರಿಸುವ ಫಲಕವೊಂದು ಬಾಗಿಲಲ್ಲಿರಲಿ. ಒಳಗೆ ನಡೆಯುತ್ತಿರುವುದನ್ನು ಹೊರಗೆ ಬಂದು ಹೇಳುವ ಒಬ್ಬರಿರಲಿ. ರಾತ್ರಿಯ ಪಾಳಿಯಲ್ಲಿ ದಾದಿ ಒಂಟಿಯಾಗದಿರಲಿ. ಹಲ್ಲೆ ನಡೆದರೆ ದೂರಿನ ಹೊರೆಯನ್ನು ಅವಳೊಬ್ಬಳೇ ಹೊರಬೇಕಾಗಿಲ್ಲ. ಆರು ಗಂಟೆಗಳೊಳಗೆ ಸಂಸ್ಥೆಯ ಮುಖ್ಯಸ್ಥರೇ ಪ್ರಕರಣ ದಾಖಲಿಸಬೇಕೆಂದು ಕೇಂದ್ರದ ಆರೋಗ್ಯ ಇಲಾಖೆ 2024ರ ಆಗಸ್ಟಿನಲ್ಲಿ ತನ್ನ ಆಸ್ಪತ್ರೆಗಳಿಗೆ ಆದೇಶವಿತ್ತಿದೆ. ಎಲ್ಲ ಆಸ್ಪತ್ರೆಗಳೂ ಇದನ್ನು ಅನುಸರಿಸುವುದು ಲೇಸು.

ಮನೆಯವರ ಕರ್ತವ್ಯವೂ ಉಂಟು. ರೋಗಿಯೊಡನೆ ಒಬ್ಬಿಬ್ಬರು ಸಾಕು, ಗುಂಪು ಬೇಡ. ಹಿಂದಿನ ಔಷಧಚೀಟಿಗಳು ಕೈಯಲ್ಲಿರಲಿ. ಎಲ್ಲರ ಪರವಾಗಿ ಒಬ್ಬರೇ ಮಾತನಾಡಲಿ. ಕಾಯುತ್ತಿರುವಾಗ ರೋಗಿಯ ಸ್ಥಿತಿ ಬದಲಾದರೆ ಕೂಡಲೆ ದಾದಿಗೆ ತಿಳಿಸಬೇಕು. ಆಗ ಸರದಿಯೂ ಬದಲಾಗುತ್ತದೆ. ನಿಜವಾಗಿಯೂ ಅಲಕ್ಷ್ಯ ನಡೆದಿದ್ದರೆ ಲಿಖಿತ ದೂರು ಕೊಡುವ ಹಕ್ಕು ಎಲ್ಲರಿಗೂ ಇದೆ.

ತುರ್ತು ವಿಭಾಗದಲ್ಲಿ ಒಂದು ಗಲಭೆ ಎದ್ದರೆ ಎಲ್ಲ ಹಾಸಿಗೆಗಳ ಬಳಿಯೂ ಕೆಲಸ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಉಸಿರಿಗಾಗಿ ತೊಳಲುತ್ತಿರುವವರು ಯಾರದೋ ತಾಯಿಯಾಗಿರಬಹುದು. ಕೂಗಾಡುತ್ತಿರುವವನ ತಂದೆಯೇ ಆಗಿರಲೂಬಹುದು.