ಕಟ್ಟಡಕ್ಕೆ ಕೊಟ್ಟ ದುಡ್ಡು ಸಂಶೋಧನೆಗೆ ಕೊಟ್ಟಂತಲ್ಲ

ಆನಂದಪುರದ ಹತ್ತಿರ ಇರುವಕ್ಕಿಯಲ್ಲಿ ನೂರಾರು ಎಕರೆ ಹರಡಿಕೊಂಡಿದೆ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಆವರಣ. 2012ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಅಡಿಕೆ ಸೀಮೆಯ ನಡುವೆಯೇ ಇಷ್ಟು ಜಾಗ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಸುತ್ತಲಿನ ಬೆಳೆಗಾರ ಕೇಳುವುದು ಎಕರೆ ಲೆಕ್ಕವನ್ನಲ್ಲ, ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಮದ್ದು ಯಾವುದು ಎಂದು. ಹೊಸನಗರ, ತೀರ್ಥಹಳ್ಳಿ, ಸಾಗರದ ತೋಟಗಳಲ್ಲಿ ಮಳೆಗಾಲದ ಮೇಲೆ ಮಳೆಗಾಲ ಕಳೆಯುತ್ತಿದೆ. ರೋಗ ತಗುಲಿದ ಸೋಗೆ ಕಡಿದು ಸುಡಿ, ಶಿಲೀಂಧ್ರನಾಶಕ ಹೊಡೆಯಿರಿ ಎನ್ನುವುದರಾಚೆಗೆ ಅವನಿಗೆ ಗಟ್ಟಿ ಉತ್ತರ ಸಿಕ್ಕಿಲ್ಲ. ಇದಕ್ಕೆ ವಿಜ್ಞಾನಿಗಳನ್ನು ಬೈದು ಪ್ರಯೋಜನವಿಲ್ಲ. ಸಂಶೋಧನೆಗೆ ಎಂದು ಹೇಳಿ ಸಿಮೆಂಟಿಗೆ ದುಡ್ಡು ಸುರಿದ ಸರ್ಕಾರಗಳೇ ಇದಕ್ಕೆ ಹೊಣೆ.

ಸರ್ಕಾರದ ಹಣ ಸರಿಯಾಗಿ ಬಿದ್ದರೆ ಏನಾಗುತ್ತದೆ ಎಂಬುದನ್ನು ಈ ನೆಲವೇ ಒಮ್ಮೆ ಕಂಡಿದೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಆಗ ಮಲೆನಾಡಿನ ಅಡಿಕೆ ಕೊಳೆ ರೋಗದಿಂದ ನೆಲಕ್ಕುದುರುತ್ತಿತ್ತು. ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುವುದೊಂದೇ ರೈತನಿಗೆ ಗೊತ್ತಿದ್ದ ದಾರಿ. ಕೋಲ್ಮನ್ ತೋಟಕ್ಕೇ ಇಳಿದು ರೋಗದ ಮೂಲವಾದ ಫೈಟೋಫ್ತೊರಾವನ್ನು ಗುರುತಿಸಿದರು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆದು ನೋಡಿದರು. 1910ರಲ್ಲಿ ಅವರ ವರದಿ ಅಚ್ಚಾಯಿತು. ಇವತ್ತಿಗೂ ಆಷಾಢದ ಬಿಡುವಿನ ಬಿಸಿಲಿಗೆ ಕಾದು ಕೂತ ಕೊನೆಗಾರ ಮರ ಹತ್ತಿ ಹೊಡೆಯುವುದು ಅದನ್ನೇ: ನೂರು ಲೀಟರ್ ನೀರು, ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಒಬ್ಬ ವಿಜ್ಞಾನಿಯ ಸಂಬಳ ಮಲೆನಾಡಿಗೆ ನೂರು ವರ್ಷಕ್ಕೂ ಮೀರಿ ಬಡ್ಡಿ ಕೊಟ್ಟಿದೆ. ಮೈಸೂರು ಸರ್ಕಾರ ಅವರನ್ನು ಮೂರು ವರ್ಷದ ಪ್ರಾಜೆಕ್ಟಿಗೆ ಕರೆಸಿರಲಿಲ್ಲ ಎನ್ನುವುದು ಇಲ್ಲಿ ಮುಖ್ಯ. ಎರಡು ದಶಕಕ್ಕೂ ಹೆಚ್ಚು ಕಾಲ ಅವರು ಇಲ್ಲಿ ದುಡಿದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ಅವರ ಕಾಲದ್ದೇ.

ಈಗ ಮಂಗನ ಕಾಯಿಲೆಯ ಕತೆ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ವೈರಸ್ ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಉಣ್ಣೆಯಿಂದ ಹರಡುತ್ತದೆ ಎಂಬುದೂ ಆಗಲೇ ತಿಳಿಯಿತು. ಕಾಯಿಲೆಗೆ ಲೋಕವೆಲ್ಲ ನಮ್ಮೂರಿನ ಹೆಸರಿಟ್ಟಿತು, ಅದರ ಅಧ್ಯಯನ ಮಾತ್ರ ನಮ್ಮ ಜಿಲ್ಲೆಯ ವಿಶ್ವವಿದ್ಯಾಲಯದಲ್ಲಿ ಬೇರು ಬಿಡಲೇ ಇಲ್ಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜನ ಸತ್ತರು. ಮುಂದೆ ಈ ಕಾಯಿಲೆಗಿದ್ದ ಹಳೆಯ ಲಸಿಕೆಯ ಶಕ್ತಿ ಕುಂದಿ ಅದರ ಬಳಕೆಯೇ ನಿಂತಿತು. ಹೊಸದಕ್ಕಾಗಿ ಐಸಿಎಂಆರ್ ಕಡೆ, ಹೈದರಾಬಾದಿನ ಕಂಪನಿಯ ಕಡೆ ಕಣ್ಣು ನೆಟ್ಟು ಕೂರಬೇಕಾಯಿತು. ದರಗು ಗುಡಿಸಲು ಕಾಡಿಗೆ ಹೋಗುವ ಹೆಂಗಸರಿಗೆ ನಾವು ಅಷ್ಟು ವರ್ಷ ಕೊಟ್ಟಿದ್ದು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ. 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾಲಯ ಇರುವುದು ಇದೇ ಜಿಲ್ಲೆಯ ಶಂಕರಘಟ್ಟದಲ್ಲಿ. ಈ ರೋಗದ ಮೇಲೆ ಅಲ್ಲೊಂದು ಕಾಯಂ ತಂಡ ಕಟ್ಟಬೇಕೆಂದು ಇಷ್ಟು ವರ್ಷಗಳಲ್ಲಿ ಯಾವ ಸರ್ಕಾರವೂ ಹಟ ಹಿಡಿಯಲಿಲ್ಲ.

ದುಡ್ಡೇ ಇಲ್ಲವೆಂದಲ್ಲ, ಅದು ಬರುವ ರೀತಿಯೇ ವಕ್ರ. ಉಪಕರಣಕ್ಕೆ ಅನುದಾನ ಸಿಗುತ್ತದೆ, ಅದನ್ನು ನಡೆಸುವ ತಂತ್ರಜ್ಞನ ಹುದ್ದೆ ಮಂಜೂರಾಗುವುದಿಲ್ಲ. ಯಂತ್ರದ ವಾರಂಟಿ ಮುಗಿದ ಮೇಲೆ ನಿರ್ವಹಣಾ ಗುತ್ತಿಗೆಗೆ ಯಾವ ಲೆಕ್ಕಶೀರ್ಷಿಕೆಯಲ್ಲೂ ಹಣವಿರುವುದಿಲ್ಲ. ಜುಲೈ ತಿಂಗಳಲ್ಲಿ ಗಾಳಿಮಳೆಗೆ ಎರಡು ದಿನ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಸತ್ತು, ಡೀಸೆಲ್ ಬಿಲ್ಲಿಗೆ ಸಹಿ ಬೀಳದಿದ್ದರೆ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿಟ್ಟ ಮಾದರಿಗಳ ಗತಿ ಏನಾಗುತ್ತದೆ ಎಂದು ವಿಧಾನಸೌಧದಲ್ಲಿ ಯಾರಾದರೂ ಕೇಳಿದ್ದಾರೆಯೇ? ಮೇಲಾಗಿ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಂಶೋಧನಾ ಉಪಕರಣಗಳಿಗಿದ್ದ ಶೇ 5ರ ರಿಯಾಯಿತಿ ಜಿಎಸ್‌ಟಿ ದರವನ್ನು ತೆಗೆದುಹಾಕಿತು. ಬಹುತೇಕ ಉಪಕರಣಗಳ ತೆರಿಗೆ ಶೇ 18ಕ್ಕೆ ಏರಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದಕ್ಕೆ ಪ್ರೋತ್ಸಾಹ ಎನ್ನುತ್ತಾರೆಯೇ?

2023ರಲ್ಲಿ ಕಾಯ್ದೆ ಮಾಡಿ ಸ್ಥಾಪಿಸಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿ ರೂಪಾಯಿ ಎಂದು ಘೋಷಿಸಿದ್ದಾಯಿತು. ಅದರಲ್ಲಿ ಸುಮಾರು 36,000 ಕೋಟಿ ಸರ್ಕಾರದ ಬೊಕ್ಕಸದಿಂದಲ್ಲ, ಉದ್ಯಮ ಮತ್ತು ದಾನಿಗಳಿಂದ ಬರಬೇಕೆಂಬ ನಿರೀಕ್ಷೆ. ಕೊಳೆರೋಗಕ್ಕೋ ಮಂಗನ ಕಾಯಿಲೆಗೋ ಯಾವ ಉದ್ಯಮಿ ಗಂಟು ಬಿಚ್ಚುತ್ತಾನೆ? ಹೀಗಾಗಿ ಲಾಭವಿಲ್ಲದ ಸಂಶೋಧನೆಯ ಹೊರೆ ಸರ್ಕಾರದ ಹೆಗಲಿನದೇ.

ರಾಜ್ಯದ ಪಾಲಿನ ತಪ್ಪು ಇದಕ್ಕಿಂತ ದೊಡ್ಡದು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮಂಜೂರಾದ ಬೋಧಕ ಹುದ್ದೆಗಳಲ್ಲಿ ಸರಿಸುಮಾರು ಅರ್ಧ ಖಾಲಿ ಬಿದ್ದಿವೆ. ಅತಿಥಿ ಉಪನ್ಯಾಸಕರು ವಾರವಿಡೀ ಪಾಠ ಹೇಳಿ ಮನೆಗೆ ಹೋಗುತ್ತಾರೆ. ಅವರ ಹೆಸರಿನಲ್ಲಿ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕುವುದೇ ಕಷ್ಟ. ಕಾಯಂ ಪ್ರಾಧ್ಯಾಪಕನಿಲ್ಲದ ವಿಭಾಗಕ್ಕೆ ದೆಹಲಿಯ ಹಣ ಬರುವುದಿಲ್ಲ, ಹಣವಿಲ್ಲದ ವಿಭಾಗಕ್ಕೆ ಒಳ್ಳೆಯ ವಿದ್ಯಾರ್ಥಿ ಬರುವುದಿಲ್ಲ. ಇಂಥ ಸ್ಥಿತಿಯಲ್ಲೇ ಜಿಲ್ಲೆಗೊಂದರಂತೆ ಹೊಸ ವಿಶ್ವವಿದ್ಯಾಲಯಗಳ ಫಲಕ ತೂಗುಹಾಕಿದರು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿತು. ಕಟ್ಟುವಾಗ ಇಲ್ಲದ ಲೆಕ್ಕಾಚಾರ ಮುಚ್ಚುವಾಗ ನೆನಪಾಯಿತು.

ವಿಶ್ವವಿದ್ಯಾಲಯಗಳೂ ಸಾಚಾ ಅಲ್ಲ. ಬಡ್ತಿಯ ಅಂಕಕ್ಕಾಗಿ ಯಾರೂ ಓದದ ಪತ್ರಿಕೆಗಳಲ್ಲಿ ದುಡ್ಡು ಕೊಟ್ಟು ಲೇಖನ ಅಚ್ಚು ಹಾಕಿಸುವ ಚಾಳಿ ಇದೆ. ಮಾರ್ಚ್ ಕೊನೆಯ ವಾರ ಅನುದಾನ ವಾಪಸ್ ಹೋದೀತೆಂದು ಬೇಡದ್ದನ್ನು ಕೊಳ್ಳುವ ಅಭ್ಯಾಸವೂ ಇದೆ. ಆದರೆ ಹಣ ಬರುವುದೇ ಫೆಬ್ರುವರಿಯಲ್ಲಾದರೆ ಮಾರ್ಚ್‌ನಲ್ಲಿ ಇನ್ನೇನಾದೀತು?

ಚುನಾವಣೆ ಬಂದಾಗಲೆಲ್ಲ ತೀರ್ಥಹಳ್ಳಿಯ ವೇದಿಕೆಗಳಲ್ಲಿ ಅಡಿಕೆ ಸಂಶೋಧನೆಗೆ ಕೋಟಿಗಳ ಭರವಸೆ ಕೇಳಿಬರುತ್ತದೆ. ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಪ್ರತಿನಿಧಿಗಳು ಮುಂದಿನ ಬಜೆಟ್ಟಿನಲ್ಲಿ ಇನ್ನೊಂದು ಕಟ್ಟಡಕ್ಕೆ ಕೈಚಾಚಬಾರದು. ಇರುವಕ್ಕಿಗೂ ಶಂಕರಘಟ್ಟಕ್ಕೂ ಸಸ್ಯರೋಗ ತಜ್ಞರು, ವೈರಸ್ ತಜ್ಞರು ಮತ್ತು ಪ್ರಯೋಗಾಲಯ ತಂತ್ರಜ್ಞರ ಕಾಯಂ ಹುದ್ದೆಗಳನ್ನು ಕೇಳಲಿ. ಎಲೆಚುಕ್ಕಿ ಮತ್ತು ಮಂಗನ ಕಾಯಿಲೆ ಎರಡಕ್ಕೂ ತಲಾ ಹತ್ತು ವರ್ಷದ ಅನುದಾನವನ್ನು ವರ್ಷದ ಮೊದಲ ತಿಂಗಳಲ್ಲೇ ಬಿಡುಗಡೆ ಮಾಡುವ ಲಿಖಿತ ಆದೇಶ ಕೇಳಲಿ. ಅದು ಬರುವ ತನಕ ಈ ಭಾಗದಲ್ಲಿ ಯಾವ ಮಂತ್ರಿಯೂ ಸಂಶೋಧನೆಯ ಹೆಸರಿನಲ್ಲಿ ಶಂಕುಸ್ಥಾಪನೆಗೆ ಬರುವುದು ಬೇಡ.